ದೋಣಿ ಹತ್ತದ ಮಕ್ಕಳ ಇಗರ್ಜಿ ಪರೀಕ್ಷೆ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ತಾಯಿಗೆ ಏನಾದರೊಂದು ಫಜೀತಿ ಕಾದೇ ಇರುತ್ತದೆ, ಅದೂ ಊರೆಲ್ಲ ಸೇರುವ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ. ಎಂಬತ್ತರ ದಶಕದ ಶುರುವಿನ ಮಾತು. ಗಂಡ ಬಹರೈನ್‌ನಲ್ಲಿ, ನಮ್ಮ ಮನೆ ಉದ್ಯಾವರದ ಹೊಳೆಬದಿಯಲ್ಲಿ, ಶಾಲೆ ಆಚೆ ದಡದಲ್ಲಿ. ಒಮ್ಮೆ ದೋಣಿ ಮಗುಚಿ, ಶಾಲೆಗೆ ಹೊರಟ ನೆರೆಮನೆಯ ಮಕ್ಕಳು ನೀರು ಕುಡಿದು ಹೇಗೋ ಬದುಕಿಕೊಂಡರು. ಅಂದಿನಿಂದ ದೋಣಿ ಕಂಡರೆ ನನಗೆ ಹೆದರಿಕೆ. ಮದುವೆಗೆ ಮೊದಲು ಟೀಚರಾಗಿದ್ದವಳು ನಾನು, ಮಗಳನ್ನೂ ಮಗನನ್ನೂ ಮನೆಯಲ್ಲೇ ಕೂರಿಸಿ ಕಲಿಸತೊಡಗಿದೆ.

ನಮ್ಮ ಇಗರ್ಜಿಯ ಮುಖ್ಯ ಪಾದ್ರಿಗಳಾದ ವಿಗಾರರಿಗೆ ಇದು ಹಿಡಿಸಲಿಲ್ಲ. "ಮಗಳಿಗೆ ಈ ವರ್ಷ ಮೊದಲ ಪರಮಪ್ರಸಾದ ಅಲ್ವಾ? ಅದಕ್ಕೆ ಮೊದಲು ಧರ್ಮಪಾಠದ ಪರೀಕ್ಷೆ ನಾನೇ ಮಾಡ್ತೇನೆ. ಫೇಲಾದರೆ ಇಬ್ಬರೂ ದೋಣಿ ಹತ್ತಬೇಕು" ಎಂದರು. ನನ್ನ ನಿದ್ದೆ ಅಂದೇ ಹಾರಿತು.

೧. ಗಂಟೆ

ಶಿಸ್ತು ಬೇಕಲ್ಲ ಎಂದು ಪಾಠ ಮುಗಿದಾಗ ಬಾರಿಸಲು ಸಣ್ಣದೊಂದು ಗಂಟೆ ತಂದೆ. ಅದೇ ವಾರದ ಭಾನುವಾರ. ಪೂಜೆಯ ಅತಿ ಪವಿತ್ರ ಗಳಿಗೆ, ಎಲ್ಲರೂ ಮೊಣಕಾಲೂರಿ ತಲೆ ತಗ್ಗಿಸಿದ್ದಾರೆ. ಪೀಠದ ಬಳಿ ಗಂಟೆ ಕಿಣಿಕಿಣಿ ಎಂದಿತು. ಮಗ ಎದ್ದು ನಿಂತು "ಥ್ಯಾಂಕ್ಯೂ ಟೀಚರ್!" ಎಂದು ಕೂಗಿ ಬಾಗಿಲಿಗೆ ಓಡಿದ. ನಾನು ಸೆರಗು ಸಾವರಿಸಿಕೊಂಡು ಅವನ ಹಿಂದೆ ಓಡಿದೆ.

ಪೂಜೆಯ ನಂತರ ವಿಗಾರರು ಕರೆದರು. "ನಿಮ್ಮ ಶಾಲೆಯಲ್ಲಿ ಬೇಗ ಬಿಡ್ತಾರೆ ಮಾರಾಯ್ತಿ. ನನಗೂ ಒಂದು ಸೀಟು ಉಂಟಾ?"

೨. ರ‍್ಯಾಂಕು

ನಮ್ಮ ವಾಡೆಯ, ಅಂದರೆ ಕೇರಿಯ, ಮುಖಂಡ ಗುರ್ಕಾರರು ಕಂಡದ್ದೆಲ್ಲ ವಿಗಾರರ ಕಿವಿಗೆ ಹಾಕುವವರು. ಇಗರ್ಜಿಯಂಗಳದಲ್ಲಿ ಮಗನನ್ನು ಹಿಡಿದರು.

"ಕ್ಲಾಸಲ್ಲಿ ಎಷ್ಟನೇ ರ‍್ಯಾಂಕ್?"

"ಸೆಕೆಂಡ್."

"ಭೇಷ್! ಫಸ್ಟ್ ಯಾರು?"

"ಅಕ್ಕ."

"ಹಾಗಾದ್ರೆ ನೀನೇ ಲಾಸ್ಟ್ ಅಲ್ವಾ?"

ಮಗನಿಗೆ ರೋಷ ಬಂತು. "ಅಲ್ಲ! ಲಾಸ್ಟ್ ಅಜ್ಜಿ. ಮಗ್ಗಿಯಲ್ಲಿ ಫೇಲ್!"

ವಿಗಾರರ ಹೆದರಿಕೆ ನನಗೆ ಒಮ್ಮೆಲೇ ಮರೆತುಹೋಯಿತು. ಯಾಕೆಂದರೆ ಬೇಜಾರು ಕಳೆಯಲು ಪಾಠಕ್ಕೆ ಬಂದು ಕೂರುತ್ತಿದ್ದ ನಮ್ಮ ಅತ್ತೆ ಅವನ ಹಿಂದೆಯೇ ನಿಂತಿದ್ದರು.

೩. ಬೆನ್ನು

ಪರೀಕ್ಷೆಯ ದಿನ ಬಂದೇ ಬಂತು. ಪಾದ್ರಿಗಳ ಬಂಗ್ಲೆಯ ಚಾವಡಿಯಲ್ಲಿ ನಿಂತರೆ ನನ್ನ ಸೆರಗು ಬೆವರಿಗೆ ಒದ್ದೆ. ವಿಗಾರರು ಮಗಳ ಎದುರು ಕುಳಿತು ಕೇಳಿದರು: "ನಿನ್ನನ್ನು ಸೃಷ್ಟಿಸಿದವರು ಯಾರು?"

ಮಗಳು ಅವರ ಮುಖವನ್ನೇ ನೋಡಿದಳು. ಮಾತಿಲ್ಲ. ಮತ್ತೆ ಕೇಳಿದರು. ಇಲ್ಲ. ನನ್ನ ಕಣ್ಣೆದುರು ದೋಣಿ ಓಲಾಡತೊಡಗಿತು.

ಕೊನೆಗೆ ಅವಳು ಮೆಲ್ಲಗೆ ಹೇಳಿದಳು: "ಫಾದರ್, ನೀವು ಸ್ವಲ್ಪ ಆ ಕಡೆ ತಿರುಗಿ ನಿಲ್ತೀರಾ?"

ನನಗೆ ಆಗ ಹೊಳೆಯಿತು. ನಾನು ಪ್ರಶ್ನೆ ಕೇಳುವುದು ಒಲೆಯ ಮುಂದೆ, ಮಸಾಲೆ ಹುರಿಯುತ್ತಾ. ಪಾಪ, ಈ ಮಗು ಇಷ್ಟು ದಿನ ಉತ್ತರ ಹೇಳಿದ್ದೆಲ್ಲ ನನ್ನ ಬೆನ್ನಿಗೆ.

"ಹಿಂದೆ ಪೂಜೆಯನ್ನೂ ಜನರಿಗೆ ಬೆನ್ನು ಹಾಕಿಯೇ ಮಾಡ್ತಿದ್ದೆವು. ಇದೆಂತ ದೊಡ್ಡದು?" ಎಂದು ವಿಗಾರರು ಗೋಡೆಗೆ ಮುಖ ಮಾಡಿ ನಿಂತರು. ಮಗಳು ಹತ್ತು ಆಜ್ಞೆ, ಏಳು ಸಂಸ್ಕಾರ ಎಲ್ಲವನ್ನೂ ಪಟಪಟನೆ ಒಪ್ಪಿಸಿದಳು. ಹೋದ ಜೀವ ಬಂದ ಹಾಗಾಯಿತು.

"ಕಡೇ ಪ್ರಶ್ನೆ. ಪವಿತ್ರಾತ್ಮನ ವರದಾನಗಳು ಯಾವುವು?"

ಅದನ್ನು ನಾನು ಕಲಿಸಿಯೇ ಇರಲಿಲ್ಲ! ಮಗಳು ಗಾಬರಿಯಿಂದ ಕೂಗಿದಳು: "ಅಯ್ಯೋ, ಹಾಲು ಉಕ್ಕುತ್ತಾ ಉಂಟು!"

ವಿಗಾರರು ನಿಲುವಂಗಿ ಎತ್ತಿಕೊಂಡು ಅಡುಗೆಮನೆಗೆ ಓಡಿದರು. ಮನೆಯಲ್ಲಿ ಅವಳು ಹಾಗೆ ಕೂಗಿದಾಗಲೆಲ್ಲ ನಾನೂ ಪ್ರಶ್ನೆ ಮರೆತು ಪಾತ್ರೆ ಇಳಿಸಲು ಹಾರುತ್ತಿದ್ದೆ. ಅದು ಉಪಾಯ ಎಂದು ತಿಳಿದದ್ದು ಆ ದಿನವೇ.

ವಿಗಾರರು ಏದುಸಿರು ಬಿಡುತ್ತಾ ಮರಳಿದರು. "ಒಲೆಯಲ್ಲಿ ಬೆಂಕಿಯೇ ಇಲ್ಲ!"

ನಾನು ಕಣ್ಣು ಮುಚ್ಚಿದೆ. ಮುಗಿಯಿತು, ಇನ್ನು ದೋಣಿಯೇ ಗತಿ.

"ಪಾಸ್" ಎಂದರು ವಿಗಾರರು. "ಪರಮಪ್ರಸಾದಕ್ಕೆ ಮೊದಲು ಪಾಪನಿವೇದನೆ ಉಂಟಲ್ಲ? ಬೇರೆ ಮಕ್ಕಳೆಲ್ಲ ಹೇಳ್ಲಿಕ್ಕೆ ಪಾಪವೇ ಸಿಗುವುದಿಲ್ಲ ಅಂತ ಅಳ್ತಾ ಇದ್ದಾರೆ. ಇವಳದ್ದು ರೆಡಿ ಉಂಟು."