ಹೇನಿನ ಬೂಷ್ಟಿನ ತವರುಮನೆ

ಹೆಬ್ಬಾಳದಿಂದ ಯಲಹಂಕದವರೆಗೆ ಅವರೆಹೊಲದ ಹೇನಿನ ಗುಟ್ಟು ಮೊದಲು ಬಯಲು ಮಾಡಿದವನು ನಾನೇ. ಬೇಕಾದರೆ ಆಗಿನವರನ್ನು ಕೇಳಿ ಅನ್ನೋಣ ಅಂದರೆ, ಅವರೆಲ್ಲ ಹೋಗಿಬಿಟ್ಟರು. ನನ್ನ ಬದುಕಿನಲ್ಲಿ ಇಂಥವು ಒಂದರ ಬೆನ್ನಿಗೊಂದು ಆಗ್ತಲೇ ಇದ್ದವು.

ಕೆಲಸ ಸಿಕ್ಕಿದ್ದು

ಐವತ್ತರ ದಶಕದ ಮಾತು. ಮಂಜು ಬೀಳೋ ಕಾಲಕ್ಕೆ ಅವರೆ ಕುಡಿಗೆ ಕರಿಹೇನು ಮುತ್ತುತ್ತಿತ್ತು. ಆಮೇಲೆ ಆ ಹೇನಿನ ಮೈಗೇ ಬಿಳಿ ಬೂಷ್ಟು ಹತ್ತಿ, ಕೂತಲ್ಲೇ ಸಾಯ್ತಿದ್ದವು. ಹೇನು ಕೊಲ್ಲೋ ಆ ಬೂಷ್ಟನ್ನೇ ಹುಡುಕಿಕೊಂಡು ತಿರುಗೋ ಸಾಹೇಬರೊಬ್ಬರು ಹೆಬ್ಬಾಳದ ಕೃಷಿ ಕಾಲೇಜಲ್ಲಿದ್ರು. ಹೊಲದ ಬದಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ್ರು, "ಬೇಸಿಗೇಲಿ ಅವರೆ ಇಲ್ಲ, ಹೇನೂ ಇಲ್ಲ. ಮುಂದಿನ ಚಳಿಗಾಲದವರೆಗೆ ಈ ಬೂಷ್ಟು ಎಲ್ಲಿರುತ್ತಪ್ಪ?"

"ತವರುಮನೇಲಿ ಬುದ್ಧಿ," ಅಂದೆ.

"ಅದೆಲ್ಲಿದೆ?"

"ಜಕ್ಕೂರಲ್ಲಿ."

ಜಕ್ಕೂರಲ್ಲಿ ಇದ್ದದ್ದು ನಾನು ಮನಸ್ಸಿಟ್ಟಿದ್ದ ಹುಡುಗಿ. ಅವಳಪ್ಪ, "ಕೆಲಸ ಇಲ್ಲದೋನಿಗೆ ಹೆಣ್ಣು ಕೊಡಲ್ಲ" ಅಂದಿದ್ದ. ಸಾಹೇಬರು ನಿಂತ ಕಾಲಲ್ಲೇ ನನ್ನನ್ನು ಕೆಲಸಕ್ಕೆ ಇಟ್ಕೊಂಡ್ರು. ಬೂಷ್ಟು ಸಿಕ್ಕರೆ ಕೆಲಸ ಕಾಯಂ, ಇಲ್ಲದಿದ್ದರೆ ಮಳೆಗಾಲಕ್ಕೆ ಮನೆಗೆ. ಲೋಕದಲ್ಲಿ ಸುಳ್ಳಿಗೆ ಸಂಬಳ ಕೊಟ್ಟೋರು ಅವರೊಬ್ಬರೇ.

ಕೆರೆ ಏರಿ ಮೇಲೆ

ಬೇಸಿಗೆ ಬಂತು. ದಿನಾ ಜಕ್ಕೂರು ಕೆರೆ ಏರಿ. ಸಾಹೇಬರು ಭೂತಗನ್ನಡಿ ಹಿಡಿದು ಮಂಡಿಯೂರಿ ಒಣಹುಲ್ಲು ಕೆದಕ್ತಿದ್ರು. ನಾನು ನೀರಿಗೆ ಬರೋಳ ದಾರಿ ಕಾಯ್ತಿದ್ದೆ. ಪಕ್ಕದ ಮೈದಾನದಿಂದ ಎದ್ದ ವಿಮಾನ ತಲೆ ಮೇಲೆ ಗುರ್ರ್ ಅಂದರೂ ಇಬ್ಬರಿಗೂ ಕೇಳಿಸ್ತಿರಲಿಲ್ಲ.

"ಏನ್ ಕಳ್ಕೊಂಡವ್ರೆ ಸಾಹೇಬ್ರು?" ಅಂತ ಊರವರು ಕೇಳಿದ್ರು.

"ಭಾರಿ ಬೆಲೆಬಾಳೋದು," ಅಂದುಬಿಟ್ಟೆ.

ಅರ್ಧ ಊರೇ ಏರಿ ಮೇಲೆ ಬಗ್ಗಿತು. ಸಂಜೆಗೆ ಒಬ್ಬ ಅಜ್ಜಿ ಕಾಲುಂಗುರ ತಂದು, "ಇದೇನಾ ಸಾಮಿ?" ಅಂದಳು. ಸಾಹೇಬರು ಭೂತಗನ್ನಡಿಯಲ್ಲಿ ಅದನ್ನೂ ತಿರುಗಿಸಿ ತಿರುಗಿಸಿ ನೋಡಿ, "ಬೂಷ್ಟು ಇಲ್ಲಮ್ಮ" ಅಂದ್ರು.

ಬಚ್ಚಲ ಹಿಂದೆ

ಕೊನೆಗೆ ನೀರಿಗೆ ಬಂದ ನನ್ನ ಹುಡುಗಿಯೇ ಬಿಂದಿಗೆ ಇಳಿಸಿ ನಕ್ಕಳು. "ಒಣಗಿದ್ದರಲ್ಲಿ ಏನ್ ಹುಡುಕ್ತೀಯ? ನಮ್ಮ ಬಚ್ಚಲ ಹಿಂದೆ ಒಂದು ಅವರೆಬಳ್ಳಿ ಇನ್ನೂ ಹಸಿರಾಗೈತೆ. ಹೇನೂ ಐತೆ."

ಹೋಗಿ ನೋಡಿದ್ವಿ. ಬಚ್ಚಲ ನೀರು ಹರಿಯೋ ತಂಪಲ್ಲಿ ಬಳ್ಳಿ. ಎಲೆಯಡಿ ನಾಲ್ಕಾರು ಹೇನು, ಅದರಲ್ಲಿ ಒಂದೆರಡಕ್ಕೆ ಬಿಳಿ ತುಪ್ಪಟ. ಸಾಹೇಬರ ಕಣ್ಣು ತುಂಬಿತು. "ಹೀಗೆ ಒಂದರಿಂದೊಂದಕ್ಕೆ ಹತ್ತಿಕೊಂಡು ಬೇಸಿಗೆ ದಾಟುತ್ತೆ ಕಣಪ್ಪ. ಮಂಜು ಬಿದ್ದ ಮೇಲೆ ಹೊಲಕ್ಕೆ ಇಳಿಯುತ್ತೆ" ಅಂದವರೇ ಅವಳಪ್ಪನಿಗೆ ಕೈಮುಗಿದ್ರು. "ಯಜಮಾನ್ರೇ, ಈ ಬಳ್ಳಿ ಒಣಗಬಾರದು. ಎಲ್ಲರೂ ಧಾರಾಳವಾಗಿ ನೀರು ಹುಯ್ಕೊಳ್ಳಿ."

"ಇರೋರು ನಾಲ್ಕು ಜನ ಸಾಮಿ. ಎಷ್ಟು ಸಲ ಅಂತ ಮೀಯೋದು?"

"ನಾನೂ ಬಂದು ಮೀಯ್ತೀನಿ," ಅಂದೆ.

"ಹೆಣ್ಣಿರೋ ಮನೆ ಬಚ್ಚಲಲ್ಲಿ ಮೀಯೋಕೆ ಅಳಿಯನೇ ಆಗ್ಬೇಕು ಕಣೋ!" ಅಂತ ಗದರಿದ.

"ಆಯ್ತು, ಹಂಗೇ ಮಾಡಿ," ಅಂದ್ರು ಸಾಹೇಬರು, ಬಳ್ಳಿಯಿಂದ ಕಣ್ಣು ತೆಗೆಯದೆ.

ಇತ್ತು ಅಂತಿದ್ಲು

ಕೆಲಸವೂ ಕಾಯಂ ಆಯ್ತು, ಮದುವೆಯೂ ಆಯ್ತು. ಬೇಸಿಗೆಯಲ್ಲಿ ಮಾವನ ಮನೆಗೆ ಹೋದಾಗೆಲ್ಲ ಅವಳು ಹಂಡೆ ಕಾಯಿಸಿ ಕೂಗ್ತಿದ್ದಳು, "ಬಾ, ಬೂಷ್ಟಿಗೆ ಹೊತ್ತಾಯ್ತು!" ಅವಳು ಹೋಗಿ ಎಷ್ಟೋ ವರ್ಷವಾಯ್ತು. ಈಗಲೂ ಸ್ನಾನಕ್ಕೆ ಹೊರಟರೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ತೀನಿ, ಕೂಗ್ತಾಳೇನೋ ಅಂತ.

ಮೊನ್ನೆ ಜಗಲಿ ಮೇಲೆ ನಾಲ್ಕು ಜನಕ್ಕೆ ಇದನ್ನೇ ಹೇಳ್ತಿದ್ದೆ. ಅವಳ ತಂಗಿ ಬಂದು ಹಿಂದೆ ನಿಂತಿದ್ದನ್ನು ನೋಡಿರಲಿಲ್ಲ.

"ಭಾವ, ನಮ್ಮಪ್ಪನ ಮನೇಲಿ ಬಚ್ಚಲೇ ಇರ್ಲಿಲ್ವಲ್ಲ! ನಾವೆಲ್ಲ ಮೀಯ್ತಿದ್ದದ್ದು ಬಾವಿ ಹತ್ರ."

ಎಲ್ಲರೂ ಗೊಳ್ಳಂದರು. ನಾನು ಟವಲು ಕೊಡವಿ ಹೆಗಲಿಗೆ ಹಾಕ್ಕೊಂಡೆ.

"ನಿಮ್ಮಕ್ಕ ಇದ್ದಿದ್ರೆ, ಇತ್ತು ಅಂತಿದ್ಲು."