ಎರಡನೇ ಸಾಂಬಾರು

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜಾಯಮಾನ ಶೇಖರನದಲ್ಲ. ಪುಕ್ಕಟೆ ಎಂದರೆ ಅವನಿಗೆ ಹೆದರಿಕೆ. ಮುಂಬಯಿ ಬಳಿಯ ಮಹಾಪೆಯಲ್ಲಿ ಕ್ಯಾಂಟೀನ್ ನಡೆಸುವ ಅವನು ಇಡ್ಲಿಗೆ ಎರಡನೇ ಸಲ ಸಾಂಬಾರನ್ನು ಪುಕ್ಕಟೆ ಕೊಡುತ್ತಿದ್ದ. ಅದಕ್ಕೆ ಎಷ್ಟು ನೀರು ಬೀಳುತ್ತದೆಂಬುದು ಅವನಿಗೂ ಆ ಪಾತ್ರೆಗೂ ಮಾತ್ರ ಗೊತ್ತು. ಹಾಗಾಗಿ ಪೋಲಿಯೋ ಭಾನುವಾರ ಬಂದಾಗ ಅವನ ತರ್ಕ ಸರಳವಾಗಿತ್ತು: ಒಂದು ಕ್ಯಾಂಟೀನಿನ ನಾನೇ ನೀರು ಬೆರೆಸುತ್ತೇನೆ, ದೇಶದ ಮಕ್ಕಳಿಗೆಲ್ಲ ಪುಕ್ಕಟೆ ಹನಿ ಹಾಕುವ ದಿಲ್ಲಿ ಸರಕಾರ ಬೆರೆಸದೆ ಬಿಟ್ಟೀತೆ?

ಕಲ್ಯಾಣದಲ್ಲಿ ಯಾರದೋ ಸೀಮಂತಕ್ಕೆ ಹೊರಟ ಹೆಂಡತಿ ವಿಮಲಾ, "ತನ್ವಿಗೆ ಹನಿ ಹಾಕಿಸಿ, ಮರೀಬೇಡಿ" ಎಂದು ಹೇಳಿಯೇ ಹೋಗಿದ್ದಳು. ತನ್ವಿ ಎಷ್ಟೋ ಹರಕೆಗಳ ನಂತರ ಹುಟ್ಟಿದ ಮಗಳು. ಅವಳಿಗೆ ದುಡ್ಡು ಕೊಟ್ಟೇ ಹಾಕಿಸುವುದೆಂದು ಶೇಖರ ಮಗುವನ್ನೆತ್ತಿಕೊಂಡ.

"ಎಲ್ಲಿಗೆ ಮಾರಾಯ? ಬೂತ್ ಕೆಳಗೇ ಉಂಟಲ್ಲ!" ಅಕ್ಕ ದ್ರೌಪದಿ ಬಲಗಾಲನ್ನು ಎಳೆಯುತ್ತ ಬಾಗಿಲಿಗೆ ಬಂದಳು. ಎಳವೆಯಲ್ಲಿ ಬಂದ ಜ್ವರವೊಂದು ಆ ಕಾಲಿನ ಬಲವನ್ನು ಕೊಂಡುಹೋಗಿತ್ತು. "ನನ್ನ ಕಾಲಕ್ಕೆ ನಮ್ಮ ಬಾಗಿಲಿಗೆ ಯಾರೂ ಬರ್ಲಿಲ್ಲ."

"ಅದಕ್ಕೇ ಅಕ್ಕ, ಒಳ್ಳೆಯದನ್ನೇ ಹಾಕಿಸ್ತೇನೆ ಹೇಳಿದ್ದು." ಆ ಕಾಲನ್ನು ನೋಡುತ್ತ ಬೆಳೆದವನಿಗೆ ಮಗಳ ಬಗ್ಗೆ ಅಷ್ಟು ಭಯವಿತ್ತು.

ಕೆಳಗೆ ಬೂತಿನಲ್ಲಿ ಪಕ್ಕದ ಮನೆಯ ಜಯಶೀಲ ಸ್ವಯಂಸೇವಕನಾಗಿ ಕೂತಿದ್ದ. ಮಹಾಪೆಯ ಆಫೀಸಿನಲ್ಲಿ ಕೆಲಸ, ಶೇಖರನ ಕ್ಯಾಂಟೀನಿನಲ್ಲಿ ದಿನಾ ಇಡ್ಲಿ. ಅವನ ಕಣ್ಣು ತಪ್ಪಿಸುವುದು ಕಷ್ಟವೆಂದು ಶೇಖರ ಮೆಟ್ಟಿಲಲ್ಲೇ ಒಂದು ಉಪಾಯ ಮಾಡಿದ. ಹನಿ ಹಾಕಿಸಿಕೊಂಡ ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿಯ ಗುರುತು ಹಾಕುತ್ತಾರಲ್ಲ, ಅದನ್ನು ಬಿಲ್ಲು ಬರೆಯುವ ಪೆನ್ನಿನಿಂದ ತಾನೇ ಹಾಕಿಬಿಟ್ಟ.

"ಶೇಖರಣ್ಣ, ಮಗು ತನ್ನಿ!"

"ಬೆಳಿಗ್ಗೇನೇ ಸ್ಟೇಷನ್‌ನಲ್ಲಿ ಹಾಕಿಸಿ ಆಯ್ತು ಮಾರಾಯ್ರೆ!" ಶೇಖರ ಮಗುವಿನ ಬೆರಳು ಎತ್ತಿ ತೋರಿಸಿ ನಡೆದ.

ಮನೆ ಹತ್ತಿರದ ಠಾಕುರ್ಲಿ ಸ್ಟೇಷನ್‌ನಲ್ಲಿ ಐಸ್ ಡಬ್ಬಿ ಹಿಡಿದ ಹೆಂಗಸರು ಅಡ್ಡ ಬಂದರು. ರೈಲು ಹತ್ತಿ ಡೊಂಬಿವಲಿಯಲ್ಲಿ ಇಳಿದರೆ ಸೇತುವೆಯ ಮೇಲೂ ಅವರೇ. ಲೋಕಲ್ ರೈಲಿನ ಪಾಸಿನ ಹಾಗೆ ಬೆರಳು ತೋರಿಸುತ್ತ ತೋರಿಸುತ್ತ ಅವನು ಮಕ್ಕಳ ಡಾಕ್ಟರ್ ಮಹಾದೇವಪ್ಪನವರ ದವಾಖಾನೆ ಮುಟ್ಟಿದಾಗ ಅಂಗಿ ಒದ್ದೆಯಾಗಿತ್ತು.

ಡಾಕ್ಟರು ಮಗುವಿನ ಕೈ ನೋಡಿದರು. "ಹಾಕ್ಸೀರಲ್ರೀ! ಗುರ್ತು ಐತಿ. ಮನೀಗೆ ನಡೀರಿ."

"ಸರ್, ಅದು... ನಾನೇ ಬರೆದದ್ದು."

"ನೀವಾ? ಯಾಕ?"

ಬೇರೆ ದಾರಿಯಿರಲಿಲ್ಲ. "ನಮ್ಮ ಕ್ಯಾಂಟೀನಿನಲ್ಲಿ ಎರಡನೇ ಸಾಂಬಾರಿಗೆ ನಾನು ಅರ್ಧ ನೀರು ಹಾಕ್ತೇನೆ ಸರ್, ಪುಕ್ಕಟೆ ಅಲ್ವಾ! ಸರಕಾರದ್ದೂ ಹಾಗೇ ಇರ್ತದೆ. ನೀವು ದುಡ್ಡಿನದ್ದು ಹಾಕಿ."

ಡಾಕ್ಟರು ನಗಲಿಲ್ಲ. ಮೇಜಿನ ಮೇಲಿನ ಐಸ್ ಡಬ್ಬಿ ತೆರೆದು ಪುಟ್ಟ ಸೀಸೆ ತೆಗೆದರು. "ಇವತ್ತ ನನ್ನ ದವಾಖಾನೀನೂ ಬೂತ್ ರೀ. ನನ್ನ ಕಡೆ ಇರೋದೂ ದಿಲ್ಲಿಯವ್ರು ಕಳಿಸಿದ್ದ. ಮುಂಜಾನೆ ನನ್ನ ಮೊಮ್ಮಗಳಿಗೂ ಇದನ್ನ ಹಾಕೀನಿ. ಸಾಂಬಾರ್ ತೆಳ್ಳಗಾದ್ರ ನಡೀತದ. ಇದು ಒಂದು ಕೂಸಿಗೆ ತಪ್ಪಿದ್ರ ಊರ ಮಕ್ಕಳಿಗೆಲ್ಲಾ ಅಪಾಯ. ಅದಕ್ಕ ಎಲ್ಲಾರಿಗೂ ಒಂದ ಪಾತ್ರೆಯಿಂದ ಬಡಸ್ತಾರ."

ಎರಡು ಹನಿ ಬಿದ್ದವು. ತನ್ವಿ ತುಟಿ ಚಪ್ಪರಿಸಿದಳು. ಅಕ್ಕನ ಬಾಗಿಲಿಗೆ ಬಾರದ್ದು ತನ್ನ ಮಗಳನ್ನು ದಾರಿಯುದ್ದಕ್ಕೂ ಹುಡುಕಿಕೊಂಡು ಬಂದಿತ್ತು, ತಾನೋ ಕಳ್ಳನ ಹಾಗೆ ತಪ್ಪಿಸಿಕೊಂಡು ಓಡಿದ್ದೆ ಎಂದು ಶೇಖರನಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಒಳ್ಳೆಯದೇ ಆಯಿತು, ಡಾಕ್ಟರನ್ನು ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ ಎಂದು ತಿರುಗಿದ.

ಬಾಗಿಲಲ್ಲಿ ಖಾಲಿ ಡಬ್ಬಿ ಹಿಡಿದು ಜಯಶೀಲ ನಿಂತಿದ್ದ, ಬಂದು ಸ್ವಲ್ಪ ಹೊತ್ತೇ ಆಗಿತ್ತು. "ನಮ್ಮ ಬೂತಿನಲ್ಲಿ ಹನಿ ಮುಗೀತು ಡಾಕ್ಟ್ರೇ, ತಗೊಂಡು ಹೋಗ್ಲಿಕ್ಕೆ ಬಂದೆ" ಎಂದವನು ಶೇಖರನನ್ನು ಬಹಳ ಹೊತ್ತು ನೋಡಿದ.

ಸೋಮವಾರ ಕ್ಯಾಂಟೀನಿಗೆ ಜಯಶೀಲನ ಹಿಂದೆ ಅವನ ಇಡೀ ಆಫೀಸೇ ಬಂದು ತಟ್ಟೆ ಚಾಚಿ ನಿಂತಿತು.

"ನಮಗೆ ಎರಡನೇದು ಬೇಡ ಶೇಖರಣ್ಣ," ಎಂದ ಜಯಶೀಲ. "ಮೊದಲನೇದನ್ನೇ ಎರಡು ಸಲ ಹಾಕಿ."