ಒಂದನೇ ಪಂಜರದ ಆರು ಇಲಿಗಳು

ಸಿದ್ದಾರೂಢನಿಗೆ ಬಿಪಿ ಗುಳಿಗೆ ನುಂಗುವುದೆಂದರೆ ಅಪಮಾನ. ಕನ್ನೊಳ್ಳಿಯಿಂದ ಸಿಂದಗಿಯ ಕಾಲೇಜಿಗೆ ದಿನವೂ ಸೈಕಲ್ ತುಳಿಯುವ ಗಟ್ಟಿ ಆಳಿಗೆ ಬಿಪಿ ಎಂದರೇನು? ಆದರೆ ಹೆಂಡತಿ ರುಕ್ಮವ್ವ ಬಿಡುವವಳಲ್ಲ. ಬುತ್ತಿಯ ಜೊತೆ ಕಾಗದದಲ್ಲಿ ಒಂದು ಗುಳಿಗೆ ಸುತ್ತಿ ಕೊಡುತ್ತಿದ್ದಳು. ಅದನ್ನು ಕಸದ ಬುಟ್ಟಿಗೆ ಎಸೆದರೆ ಪಕ್ಕದ ಮನೆಯವನೂ ಅದೇ ಕಾಲೇಜಿನ ಗುಮಾಸ್ತನೂ ಆದ ಕುತುಬುದ್ದೀನ ಸಂಜೆಯೊಳಗೆ ಅವಳಿಗೆ ವರದಿ ಒಪ್ಪಿಸುತ್ತಿದ್ದ. ಹಾಗಾಗಿ ಸಿದ್ದಾರೂಢ ಅದನ್ನು ಒಂದನೇ ಪಂಜರದ ಇಲಿಗಳ ನೀರಿನ ಬಾಟಲಿಯಲ್ಲಿ ಕರಗಿಸಿಬಿಡುತ್ತಿದ್ದ.

ಅವನು ಔಷಧ ಕಾಲೇಜಿನ ಇಲಿ ಕೋಣೆಯ ಜವಾನ. ಒಂಬತ್ತು ವರ್ಷದಿಂದ ಹಂಗಾಮಿ. ಬಿಪಿ ಔಷಧ ಮೂರ್ಛೆರೋಗದ ಸೆಳೆತವನ್ನೂ ತಡೆಯುತ್ತದೆಯೇ ಎಂದು ರಾಜೇಶ್ವರಿ ಮೇಡಂ ಅಲ್ಲಿ ಪರೀಕ್ಷೆ ನಡೆಸುತ್ತಿದ್ದರು. ಎರಡನೇ ಪಂಜರಕ್ಕೆ ಔಷಧ, ಒಂದನೆಯದಕ್ಕೆ ಬರೀ ನೀರು. ಪರೀಕ್ಷೆ ಸುಸೂತ್ರ ಮುಗಿದರೆ ಅವನನ್ನು ಕಾಯಂ ಮಾಡಿಸುವುದಾಗಿ ಅವರು ಮಾತು ಕೊಟ್ಟಿದ್ದರು.

ಒಂದು ದಿನ ಎರಡೂ ಪಂಜರದ ಇಲಿಗಳಿಗೆ ಸೆಳೆತ ಬರಿಸುವ ಮದ್ದು ಚುಚ್ಚಿದರು. ಎರಡನೆಯದರಲ್ಲಿ ಎಲ್ಲವೂ ತಣ್ಣಗೆ ಮಲಗಿದವು. ಐದು ನಿಮಿಷದಲ್ಲಿ ಒಂದನೆಯದರವು ಒದ್ದಾಡಬೇಕಿತ್ತು. ಅರ್ಧ ತಾಸಾದರೂ ಏನಿಲ್ಲ. ಆರೂ ಇಲಿಗಳು ಊಟದ ಪಂಕ್ತಿಗೆ ಕೂತವರ ಹಾಗೆ ಸರಳುಗಳ ಹಿಂದೆ ಸಾಲಾಗಿ ಕೂತವು. ಹನ್ನೆರಡು ಕೆಂಪು ಕಣ್ಣುಗಳೂ ಸಿದ್ದಾರೂಢನ ಮೇಲೆ. ಅವನು ಎಡಕ್ಕೆ ಸರಿದರೆ ಆರು ತಲೆಗಳೂ ಎಡಕ್ಕೆ ತಿರುಗಿದವು. ಮದ್ದೇ ಕೆಟ್ಟಿರಬೇಕೆಂದು ಮೇಡಂ ಆಚೆ ಕೋಣೆಯ ಇಲಿಯೊಂದಕ್ಕೆ ಅದನ್ನೇ ಚುಚ್ಚಿ ನೋಡಿದರು. ಅದು ಸ್ವಲ್ಪ ಹೊತ್ತಿಗೇ ಸೆಟೆದುಕೊಂಡಿತು.

ಬಾಗಿಲಲ್ಲಿ ಇಣುಕಿದ ಕುತುಬುದ್ದೀನ, "ಇವುಗಳೊಳಗ ಏನೋ ಹೊಕ್ಕೈತಿ ನೋಡ್ರಿ" ಎಂದ.

ಹೊಕ್ಕಿದ್ದೇನೆಂದು ಸಿದ್ದಾರೂಢನಿಗೆ ಗೊತ್ತಿತ್ತು. ಆ ಕಣ್ಣುಗಳನ್ನು ತಡೆಯಲಾರದೆ ಬಾಯಿಬಿಟ್ಟ. "ತಪ್ಪಾತ್ರಿ ಮೇಡಮ್ಮಾರ. ನನ್ನ ಬಿಪಿ ಗುಳಿಗಿ ದಿನಾ ಇವುಗಳ ನೀರಾಗ ಹಾಕಾಕತ್ತಿದ್ದೆ."

ಮೇಡಂ ಅವರ ಎರಡು ವರ್ಷದ ಕೆಲಸ ನೀರುಪಾಲಾಗಿತ್ತು. ಯಾವ ಗುಳಿಗೆ ಎಂದು ಕೇಳಲು ರುಕ್ಮವ್ವನಿಗೆ ಫೋನ್ ಹಚ್ಚಿದರು.

"ಅದು ಬಿಪಿ ಗುಳಿಗಿ ಅಲ್ರಿ, ಪೆಪ್ಪರಮೆಂಟ" ಎಂದಳು ರುಕ್ಮವ್ವ. "ಅವ್ರು ನುಂಗಂಗಿಲ್ಲಂತ ಮೊದಲ ಗೊತ್ತಿತ್ತು. ಖರೇ ಗುಳಿಗಿ ಮುಂಜಾನೆ ಅರದು ಅವ್ರ ಮಜ್ಜಿಗ್ಯಾಗ ಹಾಕ್ತೇನಿ."

ಕುತುಬುದ್ದೀನ ನಕ್ಕ. ಪೆಪ್ಪರಮೆಂಟಿನಿಂದ ಸೆಳೆತ ನಿಲ್ಲುವುದಿಲ್ಲವೆಂದು ಬಲ್ಲ ಮೇಡಂ ನಗಲಿಲ್ಲ. ಆದರೂ ನೀರು ಕೆಡಿಸಿದ್ದು ಕೆಡಿಸಿದ್ದೇ; ನಾಳೆಯಿಂದ ಬರಬೇಡಿ ಎಂದರು. ಒಂಬತ್ತು ವರ್ಷದ ಆಸೆ ಅಲ್ಲಿಗೆ ಮುಗಿಯಿತು. ಸಿದ್ದಾರೂಢ ಬುತ್ತಿ ಡಬ್ಬಿ ಹಿಡಿದು ಕಣ್ಣೊರೆಸಿಕೊಳ್ಳುತ್ತ ಹೊರಬಿದ್ದ.

ಸೈಕಲ್ ಕೀಲಿ ತೆಗೆಯುವಷ್ಟರಲ್ಲಿ ಕುತುಬುದ್ದೀನ ಓಡಿಬಂದು ಅವನ ಅಂಗಿ ಹಿಡಿದು ಒಳಗೆ ಎಳೆದೊಯ್ದ. ಆರೂ ಇಲಿಗಳು ಅಂಗಾತ ಬಿದ್ದು ಒದ್ದಾಡುತ್ತಿದ್ದವು. ಸಿದ್ದಾರೂಢ ಹೊಸ್ತಿಲು ದಾಟಿದ. ಒದ್ದಾಟ ನಿಂತಿತು. ಒಂದೊಂದೇ ಎದ್ದು, ಸಾಲು ಹಿಡಿದು, ಅವನನ್ನೇ ನೋಡುತ್ತ ಕೂತವು.

ಮೇಡಂ ಅವನನ್ನು ಹೊರಗೆ ಕಳಿಸಿದರು, ಒಳಗೆ ಕರೆದರು. ನಾಲ್ಕು ಸಲವೂ ಅದೇ ಆಯಿತು. ಕೊನೆಯ ಸಲ ಗಡಿಯಾರ ನೋಡಿ ಹೊತ್ತು ಬರೆದುಕೊಂಡರು.

ಒಂಬತ್ತು ವರ್ಷ ಅಲುಗದ ಕಡತ ಅಂದು ಎರಡೇ ತಾಸಿನಲ್ಲಿ ಪ್ರಾಚಾರ್ಯರ ಸಹಿ ಹಾಕಿಸಿಕೊಂಡು ಬಂತು. ಸಿದ್ದಾರೂಢ ಕಾಯಂ, ನಿವೃತ್ತಿಯವರೆಗೆ ಇದೇ ಕೋಣೆ. ಆ ಕಣ್ಣುಗಳಿಗೆ ಹೆದರಿದ ಅವನು ಆದೇಶವನ್ನು ಕೈಯಲ್ಲಿ ಹಿಡಿಯಲೂ ಒಲ್ಲ.

"ನಂಗ ಹಂಗಾಮಿನ ಇರ್ಲಿರಿ. ಬೇಕಾದ್ರ ಗುಳಿಗಿನೂ ನುಂಗ್ತೇನಿ" ಎಂದು ಅಂಗಲಾಚಿದ.

ಮೇಡಂ ಹೊಸ ರಿಜಿಸ್ಟರ್ ತೆರೆದಿದ್ದರು. ಔಷಧದ ಹೆಸರು ಎಂಬಲ್ಲಿ 'ಸಿದ್ದಾರೂಢ' ಎಂದು ಬರೆದು, ತೂಕ ಎಪ್ಪತ್ತೆರಡು ಕಿಲೋ ಎಂದು ನಮೂದಿಸಿದರು.

"ಈ ವಾರ ಪೂರ್ತಿ ಡೋಸ್" ಎಂದರು ತಲೆ ಎತ್ತದೆ. "ಮುಂದಿನ ವಾರ ಅರ್ಧ ಕೊಟ್ಟು ನೋಡೂನು."

ಕುತುಬುದ್ದೀನ ಸಿದ್ದಾರೂಢನನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡುತ್ತ ಬಂದು, ಸೊಂಟದ ಹತ್ತಿರ ಕಣ್ಣು ನಿಲ್ಲಿಸಿದ.